ಎಳೆಯ ಕರುಳಿನ ಬ್ಯಾಕ್ಟೀರಿಯಾ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಈಗ ನಾಲ್ಕು ತಿಂಗಳು. ಸಿಸೇರಿಯನ್ ಹೆರಿಗೆಯಾಯಿತು. ಎದೆಹಾಲು ಮಾತ್ರ ಕುಡಿಸುತ್ತಿದ್ದೇನೆ, ತೂಕವೂ ಚೆನ್ನಾಗಿ ಏರುತ್ತಿದೆ. ಆದರೆ ಸಿಸೇರಿಯನ್ ಮಕ್ಕಳ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುವುದಿಲ್ಲ, ಮುಂದೆ ಅವರಿಗೆ ಉಬ್ಬಸ, ಅಲರ್ಜಿ ಬರುತ್ತದೆ ಎಂದು ಓದಿದಾಗಿನಿಂದ ನೆಮ್ಮದಿಯಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಪ್ರೋಬಯಾಟಿಕ್ ಹನಿಗಳನ್ನು ಕೊಡಬೇಕೇ?

ಉತ್ತರ: ಎದೆಹಾಲನ್ನೇ ಕುಡಿದು ಚೆನ್ನಾಗಿ ಬೆಳೆಯುತ್ತಿರುವ ಮಗುವಿಗೆ ಪ್ರೋಬಯಾಟಿಕ್ ಹನಿಗಳ ಅಗತ್ಯವಿಲ್ಲ. ನೀವು ಓದಿದ್ದರಲ್ಲಿ ಸತ್ಯದ ಒಂದು ಭಾಗ ಮಾತ್ರ ಇದೆ.

ಸಹಜ ಹೆರಿಗೆಯಲ್ಲಿ ತಾಯಿಯ ಕರುಳಿನ ಬ್ಯಾಕ್ಟೀರಿಯಾ ಹುಟ್ಟುವ ಹೊತ್ತಿನಲ್ಲೇ ಮಗುವನ್ನು ಸೇರುತ್ತವೆ. ಸಿಸೇರಿಯನ್ನಿನಲ್ಲಿ ಆ ಅವಕಾಶ ಕಡಿಮೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ತಾಯಿಗೆ ಆಂಟಿಬಯಾಟಿಕ್ಕನ್ನೂ ಕೊಟ್ಟಿರುತ್ತಾರೆ. ಬ್ರಿಟನ್ನಿನಲ್ಲಿ ಸುಮಾರು 600 ಶಿಶುಗಳ ಮಲವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಸೇರಿಯನ್ ಶಿಶುಗಳಲ್ಲಿ ಬ್ಯಾಕ್ಟೀರಾಯ್ಡಿಸ್ ಗುಂಪಿನವು ತೀರ ಕಡಿಮೆಯಿದ್ದು, ಆಸ್ಪತ್ರೆಯ ಪರಿಸರದಲ್ಲಿ ಸಾಮಾನ್ಯವಾದ ಎಂಟರೋಕಾಕಸ್, ಕ್ಲೆಬ್ಸಿಯೆಲ್ಲಾ ಮುಂತಾದವು ಹೆಚ್ಚಿದ್ದುದು ಕಂಡುಬಂತು. ಆದರೆ ಮಕ್ಕಳು ಬೇರೆ ಆಹಾರ ತಿನ್ನತೊಡಗುವ ಹೊತ್ತಿಗೆ ಎರಡು ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಕುಗ್ಗಿತ್ತು ಎಂಬುದೂ ಅದೇ ಅಧ್ಯಯನದಲ್ಲಿದೆ. ಮೊದಲು ಯಾವ ಬ್ಯಾಕ್ಟೀರಿಯಾ ಬಂದವು ಎಂಬುದಕ್ಕಿಂತ, ಬಂದವುಗಳಲ್ಲಿ ಯಾವುದಕ್ಕೆ ಆಹಾರ ಸಿಕ್ಕಿತು ಎಂಬುದೇ ಮುಖ್ಯ ಎಂದು ನಾನು ತಾಯಂದಿರಿಗೆ ಹೇಳುವುದು ಈ ಕಾರಣಕ್ಕೆ.

ಹುಟ್ಟಿದ ಮೊದಲ ದಿನಗಳಲ್ಲಿ ಕರುಳಿನೊಳಗೆ ಇನ್ನೂ ಆಮ್ಲಜನಕವಿರುತ್ತದೆ. ಆಗ ನೆಲೆಸುವುದು, ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕಬಲ್ಲ ಎಶೆರಿಕಿಯಾ ಕೋಲೈಯಂಥವು. (ಥಿಯೋಡೋರ್ ಎಶೆರಿಕ್ ಎಂಬ ಮಕ್ಕಳ ವೈದ್ಯರು 1885ರಲ್ಲಿ ಇದನ್ನು ವಿವರಿಸಿದ್ದೂ ಶಿಶುಗಳ ಮಲವನ್ನು ಪರೀಕ್ಷಿಸಿಯೇ.) ಇವು ಆಮ್ಲಜನಕವನ್ನು ಬಳಸಿ ಮುಗಿಸಿದ ಮೇಲೆ, ಅದನ್ನು ಸಹಿಸದ ಬಿಫಿಡೋಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವುಗಳಿಗೆ ಆಹಾರ ಎದೆಹಾಲಿನಲ್ಲೇ ಇದೆ. ಎದೆಹಾಲಿನ ಘನಾಂಶಗಳಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರದ ಸ್ಥಾನ ಒಲಿಗೋಸ್ಯಾಕರೈಡ್ ಎಂಬ ಸಕ್ಕರೆಯ ಸರಪಳಿಗಳದ್ದು; ಲೀಟರಿಗೆ ಸುಮಾರು 5ರಿಂದ 15 ಗ್ರಾಂ ಇರುವ ಇವು ಗಿಣ್ಣುಹಾಲಿನಲ್ಲಿ ಇನ್ನೂ ಹೆಚ್ಚು. ಇವನ್ನು ಜೀರ್ಣಿಸಿಕೊಳ್ಳುವ ಕಿಣ್ವ ಮಗುವಿನಲ್ಲಿ ಇಲ್ಲ. ಹಾಲಿನೊಡನೆ ಇಳಿದ ಇವುಗಳ ಹೆಚ್ಚಿನ ಭಾಗ ಹಾಗೆಯೇ ದೊಡ್ಡ ಕರುಳನ್ನು ತಲುಪಿ, ಅಲ್ಲಿ ಬಿಫಿಡೋಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಮಗುವಿಗೆ ದಕ್ಕದ ಪೋಷಕಾಂಶವನ್ನು ತಾಯಿಯ ದೇಹ ಇಷ್ಟೊಂದು ಶ್ರಮಪಟ್ಟು ತಯಾರಿಸುತ್ತದೆ ಎಂಬ ಸಂಗತಿ ನನ್ನಲ್ಲಿ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಈ ಸಕ್ಕರೆಯನ್ನು ಒಡೆದು ಬಿಫಿಡೋಬ್ಯಾಕ್ಟೀರಿಯಾಗಳು ಅಸಿಟಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳನ್ನು ಬಿಡುತ್ತವೆ. ಕರುಳಿನ ಒಳಗು ಆಮ್ಲೀಯವಾದಾಗ ಸೋಂಕು ತರುವ ಅನೇಕ ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆಯಲಾರವು. ನಿಮ್ಮ ಮಗಳ ಲಂಗೋಟಿಯಲ್ಲೇ ಇದರ ಗುರುತನ್ನು ಕಾಣಬಹುದು: ಹುಟ್ಟಿದಾಗಿನ ಕಪ್ಪು-ಹಸಿರು ಬಣ್ಣದ ಅಂಟು ಮಲ ಹೋಗಿ, ಈಗ ತೆಳುವಾದ, ಹಳದಿ ಬಣ್ಣದ, ಸಣ್ಣ ಕಾಳುಗಳಿರುವಂತೆ ತೋರುವ, ತುಸು ಹುಳಿ ವಾಸನೆಯ ಮಲ ಬರುತ್ತಿರಬೇಕು.

ಉಬ್ಬಸದ ವಿಷಯ. ಸಿಸೇರಿಯನ್ ಮಕ್ಕಳಲ್ಲಿ ಅದರ ಪ್ರಮಾಣ ತುಸು ಹೆಚ್ಚೆಂದು ಹಲವು ಸಮೀಕ್ಷೆಗಳು ಹೇಳುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳಿಂದಲೇ ರೋಗನಿರೋಧಕ ವ್ಯವಸ್ಥೆ ಯಾವುದನ್ನು ಸಹಿಸಬೇಕು, ಯಾವುದನ್ನು ಎದುರಿಸಬೇಕು ಎಂಬುದನ್ನು ಕಲಿಯುವುದರಿಂದ ಈ ನಂಟನ್ನು ತಳ್ಳಿಹಾಕಲಾಗದು. ಆದರೆ ಉಬ್ಬಸಕ್ಕೆ ಆನುವಂಶಿಕತೆ, ಮನೆಯೊಳಗಿನ ಹೊಗೆ, ಉಸಿರಾಟದ ಸೋಂಕುಗಳಂಥ ಬೇರೆ ಕಾರಣಗಳೂ ಇವೆ. ಹೆಚ್ಚಿನ ಸಿಸೇರಿಯನ್ ಮಕ್ಕಳಿಗೆ ಅದು ಬರುವುದೇ ಇಲ್ಲ. ತಾಯಿ-ಮಗುವಿನ ಜೀವ ಕಾಯಲು ಮಾಡಿದ ಶಸ್ತ್ರಚಿಕಿತ್ಸೆಗಾಗಿ ಯಾವ ತಾಯಿಯೂ ತನ್ನನ್ನು ಹಳಿದುಕೊಳ್ಳಬಾರದು.

ಆರು ತಿಂಗಳು ತುಂಬುವವರೆಗೆ ಎದೆಹಾಲನ್ನಷ್ಟೇ ಕೊಡಿ. ಆಮೇಲೆ ಪೂರಕ ಆಹಾರದ ಜೊತೆಗೆ ಎರಡು ವರ್ಷದವರೆಗೆ, ಅದರಾಚೆಗೂ ಮುಂದುವರಿಸಬಹುದು. ಧಾನ್ಯ, ಬೇಳೆ, ತರಕಾರಿ, ಹಣ್ಣುಗಳ ನಾರು ಸಿಗತೊಡಗಿದಂತೆ ಹೊಸ ಬ್ಯಾಕ್ಟೀರಿಯಾಗಳು ಸೇರಿ, ಮೂರು ವರ್ಷದ ಹೊತ್ತಿಗೆ ಕರುಳಿನ ಸೂಕ್ಷ್ಮಜೀವಿ ಸಮುದಾಯ ದೊಡ್ಡವರದನ್ನು ಬಹುಮಟ್ಟಿಗೆ ಹೋಲುತ್ತದೆ. ಈ ಬೆಳವಣಿಗೆ ಹಿಂದೆ ಬೀಳುವುದೂ ಉಂಟು: ಬಾಂಗ್ಲಾದೇಶದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೀವ್ರ ಅಪೌಷ್ಟಿಕತೆಯ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಅವರಿಗಿಂತ ಕಿರಿಯ ಮಕ್ಕಳಲ್ಲಿರುವಂತಿದ್ದವು, ಚಿಕಿತ್ಸಾ ಆಹಾರದಿಂದ ಆದ ಸುಧಾರಣೆಯೂ ಹೆಚ್ಚು ಕಾಲ ನಿಲ್ಲಲಿಲ್ಲ.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಚಾರ ಬೇರೆ. ಅವರಿಗೆ ಪ್ರೋಬಯಾಟಿಕ್ ಕೊಡಬೇಕೇ ಎಂಬುದನ್ನು ಚಿಕಿತ್ಸೆ ನೀಡುವ ತಜ್ಞರೇ ತೀರ್ಮಾನಿಸಬೇಕು. ಅಂಥ ಶಿಶುಗಳಲ್ಲಿ ಪ್ರೋಬಯಾಟಿಕ್ಕಿನಿಂದಲೇ ಗಂಭೀರ ಸೋಂಕಿನ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ.

ಪ್ರಶ್ನೆ: ಹತ್ತು ತಿಂಗಳ ಮಗನಿಗೆ ಕಿವಿಯ ಸೋಂಕಿಗೆಂದು ಆಂಟಿಬಯಾಟಿಕ್ ಕೊಟ್ಟ ಮೇಲೆ ಭೇದಿ ಶುರುವಾಗಿದೆ. ಔಷಧ ನಿಲ್ಲಿಸಲೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಆಂಟಿಬಯಾಟಿಕ್ ಕಿವಿಯಲ್ಲಿನ ಬ್ಯಾಕ್ಟೀರಿಯಾಗಳ ಜೊತೆಗೆ ಕರುಳಿನವುಗಳನ್ನೂ ಕೊಲ್ಲುತ್ತದೆ. ಜೀರ್ಣವಾಗದ ಸಕ್ಕರೆ, ನಾರುಗಳನ್ನು ಒಡೆಯುವ ಬ್ಯಾಕ್ಟೀರಿಯಾಗಳು ಕಡಿಮೆಯಾದಾಗ ಆ ಸಕ್ಕರೆ, ನಾರುಗಳು ಕರುಳಿನಲ್ಲೇ ಉಳಿದು ನೀರನ್ನು ಹಿಡಿದಿಡುವುದರಿಂದ ಮಲ ತೆಳುವಾಗುತ್ತದೆ. ಸಾಮಾನ್ಯವಾಗಿ ಔಷಧ ಮುಗಿದ ಮೇಲೆ ಇದು ತಾನಾಗಿಯೇ ಸರಿಹೋಗುತ್ತದೆ. ಎದೆಹಾಲು, ಊಟ ಎರಡನ್ನೂ ಮುಂದುವರಿಸಿ, ಓಆರ್‌ಎಸ್ ಕುಡಿಸಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ ಅಥವಾ ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈರಸ್ಸಿನಿಂದ ಬರುವ ನೆಗಡಿಗೆ ಆಂಟಿಬಯಾಟಿಕ್ ಬರೆದುಕೊಡಿ ಎಂದು ವೈದ್ಯರನ್ನು ಒತ್ತಾಯಿಸಬೇಡಿ.

ಪ್ರಶ್ನೆ: ಐದು ತಿಂಗಳ ಮಗುವಿಗೆ ಒಂದು ತೊಟ್ಟು ಜೇನುತುಪ್ಪ ನೆಕ್ಕಿಸಬಹುದೇ?

ಉತ್ತರ: ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ತುಂಬಿರುವ ಇತರ ಬ್ಯಾಕ್ಟೀರಿಯಾಗಳು ಅವನ್ನು ಮೊಳೆಯಗೊಡುವುದಿಲ್ಲ. ಶಿಶುವಿನ ಕರುಳಿನಲ್ಲಿ ಆ ತಡೆ ಇನ್ನೂ ಬೆಳೆದಿಲ್ಲವಾದ್ದರಿಂದ ಅವು ಮೊಳೆತು, ನರಗಳನ್ನು ನಿಷ್ಕ್ರಿಯಗೊಳಿಸುವ ವಿಷವನ್ನು ಬಿಡಬಹುದು. ಜೇನನ್ನು ಬಿಸಿ ಮಾಡಿದರೂ ಬೀಜಾಣು ಸಾಯುವುದಿಲ್ಲ. ಈಗಾಗಲೇ ಕೊಟ್ಟಿದ್ದರೆ ಕೆಲವು ವಾರಗಳ ಕಾಲ ಗಮನವಿಡಿ: ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಚೀಪಲಾಗದಿರುವುದು, ಕುತ್ತಿಗೆ ನಿಲ್ಲದೆ ವಾಲುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ, ಜೇನು ಕೊಟ್ಟ ವಿಷಯವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.