ಇನ್ಫೋಸಿಸ್‌ನ ನೂರು ಷೇರು 1993ರಿಂದ ಮಾರದೆ ಇಟ್ಟಿದ್ದರೆ ಈಗ ಎಷ್ಟಾಗುತ್ತಿತ್ತು?

ನೀವು ಕೇಳಿರುವುದು ಎರಡು ಪ್ರಶ್ನೆ. 1993ರಲ್ಲಿ ಇನ್ಫೋಸಿಸ್‌ನ ನೂರು ಷೇರು ಕೊಂಡವರು ಮಾರದೆ ಉಳಿಸಿಕೊಂಡಿದ್ದರೆ ಕೋಟ್ಯಧಿಪತಿಗಳಾಗುತ್ತಿದ್ದರು ಎಂಬ ಮಾತು ನಿಜವೇ? ನಿಜವಾದರೆ, ಈಗ ಒಂದೇ ತಂತ್ರಜ್ಞಾನ ಕಂಪನಿಯ ಷೇರಿಗೆ ಹಣ ಹಾಕಿ ಮೂವತ್ತು ವರ್ಷ ಕಾಯಬಹುದೇ? ನಾನು ಬಸವನಗುಡಿಯಲ್ಲಿ ಲೆಕ್ಕಪರಿಶೋಧಕ. ತೀರಿಕೊಂಡವರ ಹಳೆಯ ಷೇರುಗಳನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಡುವ ಕೆಲಸವೂ ನನ್ನ ಮೇಜಿಗೆ ಬರುತ್ತದೆ.

ಮೊದಲನೆಯದಕ್ಕೆ ಉತ್ತರ: ನಿಜ. 1993ರ ಫೆಬ್ರುವರಿಯಲ್ಲಿ ಕಂಪನಿ ಸಾರ್ವಜನಿಕರಿಗೆ ಷೇರು ಕೊಟ್ಟದ್ದು ತಲಾ 95 ರೂಪಾಯಿಗೆ. ನೂರಕ್ಕೆ 9,500 ರೂಪಾಯಿ. 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್ (ಇರುವ ಪ್ರತಿ ಷೇರಿಗೆ ಹಣವಿಲ್ಲದೆ ಇನ್ನೊಂದು ಷೇರು) ಬಂದು ನೂರು ಎಂಟುನೂರಾಯಿತು. 2000ದಲ್ಲಿ ಮುಖಬೆಲೆ ಹತ್ತರಿಂದ ಐದಕ್ಕಿಳಿದು, ಅಂದರೆ ಒಂದು ಷೇರು ಎರಡಾಗಿ ಒಡೆದು, 1,600 ಆಯಿತು. 2004ರಲ್ಲಿ ಒಂದಕ್ಕೆ ಮೂರು ಬೋನಸ್, 6,400. ಮುಂದೆ 2006, 2014, 2015, 2018ರಲ್ಲಿ ಪ್ರತಿ ಸಲವೂ ದುಪ್ಪಟ್ಟು. ಒಟ್ಟು 1,02,400 ಷೇರು. ಬೆಲೆ ದಿನಕ್ಕೊಂದು ಇರುತ್ತದೆ. ಲೆಕ್ಕಕ್ಕೆಂದು 1,500 ರೂಪಾಯಿ ಹಿಡಿದರೆ 15 ಕೋಟಿ 36 ಲಕ್ಷ ರೂಪಾಯಿ. ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಸುಮಾರು ಶೇ 35. ಲಾಭಾಂಶ ಬೇರೆ: 2024–25ನೇ ಸಾಲಿಗೆ ಷೇರಿಗೆ 43 ರೂಪಾಯಿಯಂತೆ, ಆ ಒಂದೇ ವರ್ಷಕ್ಕೆ 44 ಲಕ್ಷಕ್ಕೂ ಮೇಲೆ. ಬೋನಸ್ ಎಂದರೆ ಪುಕ್ಕಟೆ ಹಣ ಎಂದುಕೊಂಡವರು ಈಗಲೂ ಇದ್ದಾರೆ. ಬೋನಸ್‌ಗೆ ತಕ್ಕಂತೆ ಷೇರಿನ ಬೆಲೆಯೂ ಇಳಿಯುತ್ತದೆ. ಇಲ್ಲಿ ನಿಜವಾಗಿ ಬೆಳೆದದ್ದು ಕಂಪನಿಯ ಲಾಭ.

ಈಗ ಇದೇ ಲೆಕ್ಕವನ್ನು ಏಳು ವರ್ಷ ಮುಂದಕ್ಕೆ ತಳ್ಳಿ ನೋಡಿ. 2000ದ ಮಾರ್ಚ್‌ನಲ್ಲಿ, ಮುಖಬೆಲೆ ಇಳಿದ ನಂತರವೂ, ಒಂದು ಷೇರಿನ ಬೆಲೆ ಹತ್ತು ಸಾವಿರ ರೂಪಾಯಿ ದಾಟಿತ್ತು. ಹತ್ತು ಸಾವಿರಕ್ಕೆ ಒಂದು ಕೊಂಡವರ ಬಳಿ ಈಗ 64 ಷೇರು ಇರುತ್ತವೆ, 1,500ರಂತೆ 96,000 ರೂಪಾಯಿ. ಲಾಭಾಂಶ ಬಿಟ್ಟರೆ ವರ್ಷಕ್ಕೆ ಶೇ 9.5ರ ಆಸುಪಾಸು. ಅದೇ ಕಂಪನಿ, ಅದೇ ತಾಳ್ಮೆ. ಈ ಎರಡನೆಯ ಲೆಕ್ಕವನ್ನು ಯಾರೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಿಲ್ಲ.

1993ರಲ್ಲಿ ಜನ ಏಕೆ ಮುಗಿಬೀಳಲಿಲ್ಲ ಎಂದು ಕೇಳಬಹುದು. ಷೇರುಪೇಟೆಯನ್ನು ನಡುಗಿಸಿದ ಹರ್ಷದ್ ಮೆಹ್ತಾ ಹಗರಣ ಹೊರಬಿದ್ದು ವರ್ಷವೂ ಆಗಿರಲಿಲ್ಲ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಶೇ 12ರ ಬಡ್ಡಿ ಕೊಡುತ್ತಿತ್ತು, ಅದೂ ಸರ್ಕಾರದ ಭರವಸೆಯ ಮೇಲೆ. ಸಾಫ್ಟ್‌ವೇರ್ ಎಂದರೆ ಏನು ಮಾರುತ್ತಾರೆಂದೇ ಮನೆಯ ಹಿರಿಯರಿಗೆ ತಿಳಿಯುತ್ತಿರಲಿಲ್ಲ. ಕಂಪನಿ ಬಿಟ್ಟ ಷೇರಿಗೆ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಶೇ 13ರಷ್ಟು ಪಾಲು ಕೊಂಡದ್ದರಿಂದ ಆ ಬಿಡುಗಡೆ ದಡ ಸೇರಿತು.

ಕೊಂಡವರಾದರೂ ಇಟ್ಟುಕೊಂಡರೇ? 2003ರ ಏಪ್ರಿಲ್ 10ರಂದು, ಕಂಪನಿ ಕೊಟ್ಟ ಮುಂದಿನ ವರ್ಷದ ಗಳಿಕೆಯ ಅಂದಾಜು ಪೇಟೆಗೆ ಹಿಡಿಸದೆ, ಒಂದೇ ದಿನ ಬೆಲೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಮತ್ತೆ ಒಂದೇ ದಿನ ಶೇ 21. 2019ರ ಅಕ್ಟೋಬರ್‌ನಲ್ಲಿ ಅನಾಮಧೇಯ ದೂರಿನ ಸುದ್ದಿಗೆ ಶೇ 16. ಆದರೆ ನಾನು ಕಂಡಂತೆ ಹೆಚ್ಚಿನವರು ಮಾರಿದ್ದು ಭಯಪಟ್ಟು ಅಲ್ಲ. ನಿವೇಶನಕ್ಕೆ ಮುಂಗಡ ಕಟ್ಟಬೇಕಿತ್ತು, ಮಗಳ ಮದುವೆ ಗೊತ್ತಾಗಿತ್ತು, ಮಗನ ಎಂಜಿನಿಯರಿಂಗ್ ಶುಲ್ಕ ಬಂದಿತ್ತು. ಆ ಹಣದಲ್ಲಿ ಎದ್ದ ಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ. ಅವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ.

ಪೂರ್ತಿ ಮೂವತ್ತು ವರ್ಷ ಇಟ್ಟವರು ಇಲ್ಲವೆಂದಲ್ಲ. ನನ್ನ ಬಳಿ ಬರುವವರಲ್ಲಿ ಬಹುಪಾಲು ಮರೆತು ಇಟ್ಟವರು, ಅಥವಾ ಅವರ ಮಕ್ಕಳು. ಕಾಗದದ ಷೇರು ಪತ್ರ, ಅದರ ಮೇಲೆ ‘ಎಚ್. ಎನ್.’ ಎಂಬ ಇನಿಷಿಯಲ್. ಪ್ಯಾನ್ ಕಾರ್ಡಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಎಲ್ಲ ಬಿಡಿಸಿ ಬರೆದಿದೆ. ಆಗಿನ ಸಹಿ ಕನ್ನಡದಲ್ಲಿ, ಈಗಿನದು ಇಂಗ್ಲಿಷಿನಲ್ಲಿ. ಬೋನಸ್ ಪತ್ರಗಳು ಮಲ್ಲೇಶ್ವರದ ಯಾವುದೋ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿ ಕಾಣೆಯಾಗಿವೆ. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದಿದ್ದರೆ ಷೇರುಗಳೇ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತವೆ. ವಾಪಸ್ ಪಡೆಯಲು ದಾರಿ ಇದೆ: ಐಇಪಿಎಫ್-5 ಅರ್ಜಿ, ಅಫಿಡವಿಟ್, ವಾರಸುದಾರರ ಪ್ರಮಾಣಪತ್ರ. ಅಣ್ಣತಮ್ಮಂದಿರಲ್ಲಿ ಒಬ್ಬರು ಸಹಿ ಹಾಕಲು ಒಪ್ಪದಿದ್ದರೆ ಕಡತ ಅಲ್ಲಿಯೇ ಕೂರುತ್ತದೆ. ಅಂದಹಾಗೆ, ಆ ಕಾಲದಲ್ಲಿ ನಮ್ಮದೇ ಆಗಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರವೂ 2014ರಲ್ಲಿ ಬಾಗಿಲು ಹಾಕಿತು.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಬೇಡ. ನೀವು ಇನ್ಫೋಸಿಸ್ ಹೆಸರು ಹೇಳುತ್ತಿರುವುದು ಅದು ಗೆದ್ದಿರುವುದರಿಂದ. 2000ದಲ್ಲಿ ಅದರ ಪಕ್ಕದಲ್ಲೇ ಪೆಂಟಾಮೀಡಿಯಾ, ಡಿಎಸ್‌ಕ್ಯು ಸಾಫ್ಟ್‌ವೇರ್, ಸಿಲ್ವರ್‌ಲೈನ್ ಷೇರುಗಳನ್ನೂ ಜನ ಅಷ್ಟೇ ಆಸೆಯಿಂದ ಕೊಂಡಿದ್ದರು. ಅವು ಗೆಲ್ಲಲಿಲ್ಲ. ಸತ್ಯಂ ಅಂತೂ ದೇಶದ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದಾಗಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ಲೆಕ್ಕದಲ್ಲಿ ಮಾಡಿದ ಮೋಸವನ್ನು ಒಪ್ಪಿಕೊಂಡ ದಿನ, ಷೇರು ಮುಕ್ಕಾಲು ಭಾಗಕ್ಕೂ ಹೆಚ್ಚು ಬೆಲೆ ಕಳೆದುಕೊಂಡಿತು.

ಬೆಂಗಳೂರಿನವರಿಗೆ ಇನ್ನೊಂದು ತೊಡಕಿದೆ. ನನ್ನ ಕಕ್ಷಿದಾರರಲ್ಲಿ ಸಾಫ್ಟ್‌ವೇರ್ ನೌಕರರೇ ಹೆಚ್ಚು. ಸಂಬಳ ಆ ಉದ್ಯಮದಿಂದ, ಉದ್ಯೋಗಿಗೆಂದು ಕೊಟ್ಟ ಷೇರು ಅದೇ ಕಂಪನಿಯದು, ಸರ್ಜಾಪುರ ರಸ್ತೆಯ ಫ್ಲ್ಯಾಟಿನ ಬೆಲೆ ಮತ್ತು ಬಾಡಿಗೆಯೂ ಅದೇ ಉದ್ಯಮದ ಮೇಲೆ ನಿಂತಿದೆ. ಅಮೆರಿಕದಲ್ಲಿ ಬೇಡಿಕೆ ತಗ್ಗಿದರೆ ಮೂರಕ್ಕೂ ಒಟ್ಟಿಗೇ ಪೆಟ್ಟು. ಹೀಗಿರುವಾಗ ಉಳಿತಾಯವನ್ನೂ ತಂದು ಅಲ್ಲೇ ಸುರಿಯಬೇಡಿ. ಕಂಪನಿ ಕೊಟ್ಟ ಷೇರು ಕೈಗೆ ಬಂದಾಗಲೆಲ್ಲ ಅರ್ಧದಷ್ಟಾದರೂ ಮಾರಿ, ಇಂಡೆಕ್ಸ್ ಫಂಡಿಗೆ (ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳಲ್ಲೂ ಹಣ ಹಂಚುವ ನಿಧಿ) ಹಾಕಿ ಎಂದು ಅವರಿಗೆ ಹೇಳುತ್ತೇನೆ. ನಂಬಿಕೆ ಇರುವ ಒಂದು ಕಂಪನಿಯ ಷೇರನ್ನು ಇಟ್ಟೇ ತೀರುತ್ತೇನೆ ಎನ್ನುವಿರಾದರೆ ಒಟ್ಟು ಉಳಿತಾಯದ ಹತ್ತರಲ್ಲಿ ಒಂದು ಪಾಲು ಮೀರದಿರಲಿ. ಷೇರುಗಳನ್ನು ಕಾಗದವಿಲ್ಲದೆ ಇಡುವ ಡಿಮ್ಯಾಟ್ ಖಾತೆಗೆ ನಾಮಿನಿಯ ಹೆಸರನ್ನು ಇಂದೇ ಬರೆಸಿ.