ತಟ್ಟೆ ಬೇರೆ, ಲೋಟ ಬೇರೆ

ಏಳು ತಿಂಗಳ ಗರ್ಭಿಣಿ, ವಯಸ್ಸು ಇಪ್ಪತ್ತಾರು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ‘ಹೆಪಟೈಟಿಸ್ ಬಿ ಪಾಸಿಟಿವ್’ ಎಂದು ಬರೆದಿದ್ದರಿಂದ ಅದನ್ನು ಸೆರಗಿನಡಿ ಮುಚ್ಚಿಕೊಂಡೇ ಕುಳಿತಿದ್ದರು. ಅತ್ತೆ ತಟ್ಟೆ, ಲೋಟ ಬೇರೆ ಮಾಡಿದ್ದರು. ಗಂಡ ‘ಎಲ್ಲಿಂದ ಬಂತು?’ ಎಂದು ಕೇಳಿ ಮಾತು ಬಿಟ್ಟಿದ್ದರು. ಆಕೆ ಕೇಳಿದ್ದು ಒಂದೇ: “ಮಗುವಿಗೆ ಹಾಲುಣಿಸಬಾರದಂತೆ, ನಿಜವೇ?”

ಗಂಡನನ್ನೂ ಒಳಗೆ ಕರೆದೆ. ಲಿವರ್‌ಗೆ ತಗುಲುವ ಈ ವೈರಸ್ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ; ಊಟದ ತಟ್ಟೆಯಿಂದಲ್ಲ. ಹಸುಗೂಸಿಗೆ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಹೋಗುವುದೇ ಇಲ್ಲ, ಕಾಮಾಲೆಯೂ ಕಾಣದೆ ವರ್ಷಗಟ್ಟಲೆ ಒಳಗಿರುತ್ತದೆ. ಆಗ ಆಕೆಯೇ ಹೇಳಿದರು: ಅಮ್ಮ ಹೊಟ್ಟೆಯಲ್ಲಿ ನೀರು ತುಂಬಿ (ಲಿವರ್ ಕೆಟ್ಟಾಗ ಹೀಗಾಗುವುದುಂಟು) ತೀರಿಕೊಂಡರಂತೆ, ಕುಡಿತದ ಮಾತೇ ಇಲ್ಲದ ಮನೆ. ಆಕೆ ಹುಟ್ಟಿದಾಗ ಈ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ಇರಲಿಲ್ಲ. ದೇಶದೆಲ್ಲೆಡೆ ಸಿಗತೊಡಗಿದ್ದು 2011ರ ಹೊತ್ತಿಗೆ. ತಾಯಿಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು ಎಂದೆ. ಗಂಡ ತಲೆ ತಗ್ಗಿಸಿದರು.

ಕೊಟ್ಟ ಸಲಹೆ: ಮೊದಲು ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ. ಒಂದು ಮಿಲಿಲೀಟರ್ ರಕ್ತದಲ್ಲಿ ಎರಡು ಲಕ್ಷ ಯೂನಿಟ್ ಮೀರಿದ್ದರೆ ವೈದ್ಯರು ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಆರಂಭಿಸುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಚಿಕಿತ್ಸೆ ಉಚಿತ. ನಾಟಿ ಸೊಪ್ಪಿನ ರಸ ಬೇಡವೇ ಬೇಡ.

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹುಟ್ಟಿದ 24 ಗಂಟೆಯೊಳಗೆ ಮಗುವಿನ ಒಂದು ತೊಡೆಗೆ ಲಸಿಕೆ. ಇನ್ನೊಂದು ತೊಡೆಗೆ, ಸಾಧ್ಯವಾದರೆ 12 ಗಂಟೆಯೊಳಗೆ, ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು, ಅಂದರೆ ವೈರಸ್ ತಡೆಯುವ ಸಿದ್ಧ ಪ್ರತಿಕಾಯ. ಎರಡನೆಯದು ಎಲ್ಲ ಕಡೆ ದಾಸ್ತಾನಿರುವುದಿಲ್ಲ. ನೋವು ಶುರುವಾದ ಮೇಲೆ ಹುಡುಕಿದರೆ ತಡವಾಗುತ್ತದೆ, ಎಂಟನೇ ತಿಂಗಳಲ್ಲೇ ವಿಚಾರಿಸಿಟ್ಟುಕೊಳ್ಳಿ ಎಂದೆ. ಭಾನುವಾರ ಹುಟ್ಟಿದ ಕೂಸಿಗೆ ‘ನಾಳೆ ಹಾಕೋಣ’ ಎನ್ನುವವರೂ ಇದ್ದಾರೆ. ಅಲ್ಲಿ ಸಂಕೋಚ ಬಿಟ್ಟು ಜಗಳವಾಡಿಯಾದರೂ ಹಾಕಿಸಿ ಎಂದು ಗಂಡನಿಗೆ ಹೇಳಿದೆ. ಆಮೇಲೆ 6, 10, 14ನೇ ವಾರದ ಪೆಂಟಾವೇಲೆಂಟ್ (ಹೆಪಟೈಟಿಸ್ ಬಿ ಸೇರಿ ಐದು ರೋಗಗಳ ಲಸಿಕೆ), ಒಂಬತ್ತು ತಿಂಗಳು ತುಂಬಿದ ನಂತರ ಮಗುವಿನ ರಕ್ತಪರೀಕ್ಷೆ.

ಹಾಲು? ಧಾರಾಳವಾಗಿ ಕೊಡಬಹುದು. ತೊಟ್ಟು ಬಿರಿದು ರಕ್ತ ಬಂದರೆ ಮಾತ್ರ ವೈದ್ಯರನ್ನು ಕೇಳಿ.

ಮುಂದಿನ ಭೇಟಿಗೆ ಅತ್ತೆಯೂ ಬಂದಿದ್ದರು. ಗಂಡನಿಗೆ ಸೋಂಕಿರಲಿಲ್ಲ, ಲಸಿಕೆಯ ಮೊದಲ ಡೋಸ್ ಆಗಿದೆ. ಆಕೆಯ ಅಣ್ಣನ ಪರೀಕ್ಷೆ ಇನ್ನೂ ಬಾಕಿ. ಆತ ಫೋನ್ ಎತ್ತುತ್ತಿಲ್ಲ.