ಪರದೇಶದ ಪರದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಹಾಸನದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ನಾವು ಏಳು ಮಂದಿ ಗೆಳತಿಯರು ಎರಡು ವಾರಕ್ಕೊಮ್ಮೆ ಹಾಸ್ಟೆಲಿನ ಓದುವ ಕೋಣೆಯಲ್ಲಿ ಹೊರದೇಶದ ಒಂದು ಚಿತ್ರ ನೋಡಿ ಚರ್ಚಿಸುತ್ತೇವೆ. ಇರಾನ್, ರುಮೇನಿಯಾ ದೇಶಗಳ ಚಿತ್ರಗಳಲ್ಲಿ ಕಥೆ ಅರ್ಥವಾದರೂ ಏನೋ ಕೈತಪ್ಪಿಹೋದಂತೆ ಅನ್ನಿಸುತ್ತದೆ. ಆ ದೇಶದ ಚರಿತ್ರೆ, ರಾಜಕೀಯಗಳನ್ನು ಓದಿಕೊಂಡೇ ಚಿತ್ರ ನೋಡಲು ಕೂರಬೇಕೆಂದು ನಮ್ಮ ಅಧ್ಯಾಪಕರೊಬ್ಬರು ಹೇಳುತ್ತಾರೆ. ಸಿನಿಮಾವನ್ನು ಸಿನಿಮಾ ಆಗಿಯೇ ನೋಡಿ ಎಂದು ಮತ್ತೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳೋಣ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕ್ರಮದ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ: ಮೊದಲು ಚಿತ್ರ, ಆಮೇಲೆ ಚರಿತ್ರೆ, ಅದಾದ ಮೇಲೆ ಮತ್ತೊಮ್ಮೆ ಅದೇ ಚಿತ್ರ. ಚರಿತ್ರೆಯನ್ನು ಮೊದಲೇ ತಲೆಯಲ್ಲಿ ತುಂಬಿಕೊಂಡು ಕೂತರೆ ಓದಿದ್ದಕ್ಕೆ ಸಾಕ್ಷಿ ಹುಡುಕುವುದರಲ್ಲೇ ಕಣ್ಣು ದಣಿಯುತ್ತದೆ. ಪರದೆಯ ಮೇಲಿನ ಮುಖ, ಗೋಡೆ, ಬೀದಿ, ಮೌನಗಳೆಲ್ಲ ಪಠ್ಯಪುಸ್ತಕದ ನಡುವೆ ಅಚ್ಚಾದ ಚಿತ್ರಗಳಂತಾಗಿಬಿಡುತ್ತವೆ. ಏನೋ ಕೈತಪ್ಪಿತು ಎಂದು ನಿಮಗೆ ಅನ್ನಿಸುತ್ತದಲ್ಲ, ಎಲ್ಲಿ ತಪ್ಪಿತು ಎಂಬುದನ್ನು ಆ ಕ್ಷಣದಲ್ಲೇ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಏನನ್ನು ಓದಬೇಕೆಂದು ಆ ಸಾಲೇ ಹೇಳುತ್ತದೆ.

ರುಮೇನಿಯಾದ ಕ್ರಿಸ್ಟಿಯನ್ ಮುಂಜಿಯು ಅವರ ‘ನಾಲ್ಕು ತಿಂಗಳು, ಮೂರು ವಾರ, ಎರಡು ದಿನ’ ಎಂಬ ಚಿತ್ರ 2007ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ನಿಮ್ಮಂತೆಯೇ ಹಾಸ್ಟೆಲಿನಲ್ಲಿರುವ ಇಬ್ಬರು ಹುಡುಗಿಯರ ಒಂದು ದಿನದ ಕಥೆ ಅದು. ಒಬ್ಬಳಿಗೆ ಗುಟ್ಟಾಗಿ ಗರ್ಭಪಾತ ಮಾಡಿಸಬೇಕಾಗಿದೆ, ಮತ್ತೊಬ್ಬಳು ಅದಕ್ಕಾಗಿ ಊರೆಲ್ಲ ಅಲೆಯುತ್ತಾಳೆ. ಆಕೆ ಕೆಂಟ್ ಸಿಗರೇಟಿಗಾಗಿ ಅಷ್ಟೊಂದು ಯಾಕೆ ಹುಡುಕುತ್ತಾಳೆ ಎಂದು ನಿಮ್ಮಲ್ಲಿ ಯಾರಾದರೂ ಬರೆದುಕೊಂಡರೆ ಸಾಕು. ಆ ಪ್ರಶ್ನೆಯ ಬೆನ್ನು ಹತ್ತಿದರೆ, ಸರ್ವಾಧಿಕಾರಿ ಚೌಷೆಸ್ಕು ಆಡಳಿತದ ಕೊನೆಯ ವರ್ಷಗಳಲ್ಲಿ ಆ ವಿದೇಶಿ ಸಿಗರೇಟು ಲಂಚದ ನಾಣ್ಯವಾಗಿ ಕೈಯಿಂದ ಕೈಗೆ ದಾಟುತ್ತಿತ್ತೆಂಬುದು ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಹೋದರೆ, ಜನಸಂಖ್ಯೆ ಹೆಚ್ಚಿಸುವ ಸಲುವಾಗಿ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ ಆಜ್ಞೆ ಸಿಗುತ್ತದೆ. 1989ರ ಡಿಸೆಂಬರಿನಲ್ಲಿ ಆ ಸರ್ಕಾರ ಬಿದ್ದಾಗ ಮಾತ್ರ ಅದು ರದ್ದಾಯಿತು. ಇಷ್ಟು ತಿಳಿದ ಮೇಲೆ ಊಟದ ಮೇಜಿನ ದೃಶ್ಯವನ್ನು ಮತ್ತೆ ನೋಡಿ. ಹಿರಿಯರು ನಗುತ್ತ, ತಿನ್ನುತ್ತ, ಲೋಕಾಭಿರಾಮ ಮಾತಾಡುತ್ತಿರುವಾಗ ಕ್ಯಾಮೆರಾ ಕದಲದೆ ಆ ಹುಡುಗಿಯ ಮುಖದ ಮೇಲೆಯೇ ನಿಂತಿರುತ್ತದೆ. ಮೊದಲ ಸಲ ದೀರ್ಘವೆನಿಸಿದ ಆ ದೃಶ್ಯ ಎರಡನೆಯ ಸಲ ಉಸಿರುಗಟ್ಟಿಸುತ್ತದೆ.

ಇರಾನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1979ರ ಕ್ರಾಂತಿಯ ನಂತರ ಬಂದ ಕಟ್ಟಳೆಗಳ ಪ್ರಕಾರ ಪರದೆಯ ಮೇಲಿನ ಹೆಂಗಸು, ಕಥೆಯಲ್ಲಿ ತನ್ನದೇ ಮನೆಯ ನಡುಮನೆಯಲ್ಲಿದ್ದರೂ, ತಲೆಗೂದಲು ಮುಚ್ಚಿಕೊಂಡಿರಬೇಕು, ಯಾಕೆಂದರೆ ಚಿತ್ರ ನೋಡುವವನು ಅವಳಿಗೆ ಪರಪುರುಷ. ಹೀಗಾಗಿ ಕ್ಯಾಮೆರಾ ಅಂಗಳಕ್ಕೆ, ರಸ್ತೆಗೆ, ಕಾರಿನೊಳಕ್ಕೆ ಸರಿಯಿತು. ಮಕ್ಕಳು ಮುಖ್ಯಪಾತ್ರಗಳಾದರು ಎಂದು ವಿಮರ್ಶಕರು ಬರೆಯುತ್ತಾರೆ. ಮಾತು ಬಹುಮಟ್ಟಿಗೆ ನಿಜ. ಆದರೆ ಅಲ್ಲಿನ ನಿರ್ದೇಶಕ ಅಬ್ಬಾಸ್ ಕಿಯರೋಸ್ತಮಿ ಮಕ್ಕಳನ್ನಿಟ್ಟುಕೊಂಡು ಚಿತ್ರ ಮಾಡತೊಡಗಿದ್ದು 1970ರಲ್ಲಿ, ಅಂದರೆ ಕ್ರಾಂತಿಗೆ ಒಂಬತ್ತು ವರ್ಷ ಮೊದಲು. ಮಕ್ಕಳ ಬೌದ್ಧಿಕ ಬೆಳವಣಿಗೆಗಾಗಿ ಕ್ರಾಂತಿಗೆ ಮುಂಚಿನ ದೊರೆ ಷಾ ಆಳ್ವಿಕೆಯ ಕಾಲದಲ್ಲೇ ಹುಟ್ಟಿದ್ದ ‘ಕಾನೂನ್’ ಎಂಬ ಸಂಸ್ಥೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಸೆನ್ಸಾರಿನಿಂದಲೇ ಮಕ್ಕಳ ಚಿತ್ರ ಹುಟ್ಟಿತೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರಿಗೆ ಈ ಒಂಬತ್ತು ವರ್ಷ ಕಾಣುವುದಿಲ್ಲ. ರಾಜಕೀಯ ಸಂದರ್ಭವನ್ನು ಅತಿಯಾಗಿ ನೆಚ್ಚಿದಾಗ ಆಗುವ ನಷ್ಟ ಇಂಥದು.

ಕಿಯರೋಸ್ತಮಿಯವರ 1987ರ ‘ಗೆಳೆಯನ ಮನೆ ಎಲ್ಲಿ’ ಚಿತ್ರವನ್ನೇ ಗಮನಿಸಿ. ತಪ್ಪಿ ತನ್ನ ಚೀಲಕ್ಕೆ ಬಂದ ಗೆಳೆಯನ ನೋಟುಪುಸ್ತಕವನ್ನು ಹಿಂತಿರುಗಿಸಲು ಒಬ್ಬ ಹುಡುಗ ಪಕ್ಕದ ಹಳ್ಳಿಗೆ ಓಡುತ್ತಾನೆ, ಕಥೆ ಅಷ್ಟೇ. ಮೇಷ್ಟರು ಬೆದರಿಸುತ್ತಾರೆ, ಅಂಗಳದಲ್ಲಿ ಬಟ್ಟೆ ಒಗೆಯುವ ತಾಯಿ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಮಕ್ಕಳಿಗೆ ಆಗಾಗ ಏಟು ಬೀಳಬೇಕೆಂದು ಅಜ್ಜ ಹೇಳುತ್ತಾನೆ. ಆ ಹೊತ್ತಿಗೆ ದೇಶ 1980ರಿಂದ ಇರಾಕಿನೊಡನೆ ಯುದ್ಧದಲ್ಲಿತ್ತು. ಇದರಲ್ಲಿ ರಾಜಕೀಯ ಎಲ್ಲಿದೆ ಎಂದರೆ, ಹಿರಿಯರೆಲ್ಲರೂ ಅಪ್ಪಣೆ ಕೊಡುವವರೇ ಆಗಿರುವ ಊರಿನಲ್ಲಿ ಅಪ್ಪಣೆ ಮೀರಿಯೇ ಸರಿಯಾದದ್ದನ್ನು ಮಾಡುವ ಹುಡುಗನ ಓಟದಲ್ಲಿದೆ. ಚರ್ಚೆಯಲ್ಲಿ ‘ಇದು ಆಡಳಿತದ ರೂಪಕ’ ಎಂದು ಯಾರಾದರೂ ಬೇಗನೆ ತೀರ್ಪು ಕೊಟ್ಟರೆ, ಆ ಹುಡುಗ ಗುಡ್ಡದ ದಾರಿಯನ್ನು ಎಷ್ಟು ಸಲ ಹತ್ತಿ ಇಳಿದನೆಂದು ಅವರನ್ನು ಕೇಳಿ.

ಇರಾನಿನ ಮತ್ತೊಬ್ಬ ನಿರ್ದೇಶಕ ಜಾಫರ್ ಪನಾಹಿ ಅವರದು ಬೇರೆ ಸಂಗತಿ. 2010ರ ಕೊನೆಗೆ ಅವರಿಗೆ ಆರು ವರ್ಷದ ಸೆರೆವಾಸವನ್ನೂ ಇಪ್ಪತ್ತು ವರ್ಷ ಚಿತ್ರ ಮಾಡಬಾರದೆಂಬ ನಿಷೇಧವನ್ನೂ ವಿಧಿಸಲಾಯಿತು. ಮನೆಯಲ್ಲೇ ಕೂತು ಅವರು ರೂಪಿಸಿದ ‘ಇದು ಸಿನಿಮಾ ಅಲ್ಲ’ (2011) ಎಂಬ ಕೃತಿಯಲ್ಲಿ, ತಾನು ತೆಗೆಯಲಾಗದ ಚಿತ್ರದ ಮನೆಯನ್ನು ರತ್ನಗಂಬಳಿಯ ಮೇಲೆ ಟೇಪು ಅಂಟಿಸಿ ಗುರುತುಮಾಡಿ ತೋರಿಸುತ್ತ ಹೋಗಿ, ನಡುವೆ ಗಂಟಲು ಕಟ್ಟಿ ನಿಲ್ಲಿಸಿಬಿಡುತ್ತಾರೆ. ಇಲ್ಲಿ ಸಂದರ್ಭವನ್ನು ಹೊರಗೆ ಹುಡುಕಬೇಕಾಗಿಲ್ಲ.

ನಿಮ್ಮ ಗುಂಪಿಗೆ ಒಂದು ಸೂಚನೆಯಿದೆ. ಇದೇ ಕಣ್ಣಿನಿಂದ ಪಕ್ಕದ ಜಿಲ್ಲೆಯ ಒಂದು ಚಿತ್ರವನ್ನು ನೋಡಿ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ದ (1970) ಚಿತ್ರೀಕರಣ ನಡೆದದ್ದು ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ, ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಜಾತಿಯ ಜಗಳಕ್ಕೆ ಕಾರಣವಾದೀತೆಂದು ಸೆನ್ಸಾರ್ ಮಂಡಳಿ ಅದನ್ನು ಮೊದಲು ತಡೆಹಿಡಿಯಿತು. ಅನುಮತಿ ದೊರೆತ ಮೇಲೆ ಅದು ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇದು ಚಿತ್ರ ಮುಗಿದ ಮೇಲೆ ನಡೆದದ್ದು, ಚಿತ್ರದೊಳಗೆ ಇಲ್ಲ. ಆದರೂ ಇದನ್ನು ಬಲ್ಲವರು ಚಂದ್ರಿಯ ಮುಖವನ್ನು ಮೊದಲಿನಂತೆ ನೋಡಲಾರರು. ಒಂದು ಚಿತ್ರದ ಸಂದರ್ಭ ಅದು ಬಿಡುಗಡೆಯಾದ ದಿನಕ್ಕೆ ಮುಗಿಯುವುದಿಲ್ಲವೆಂಬುದನ್ನು ಇದಕ್ಕಿಂತ ಹತ್ತಿರದ ಉದಾಹರಣೆಯಿಂದ ನಾನು ಹೇಳಲಾರೆ.

ಪ್ರಶ್ನೆ: ಚಿತ್ರೋತ್ಸವಗಳಲ್ಲಿ ಬಹುಮಾನ ಪಡೆಯುವ ಬಡದೇಶಗಳ ಚಿತ್ರಗಳು ಯೂರೋಪಿನವರನ್ನು ಮೆಚ್ಚಿಸಲೆಂದೇ ತಮ್ಮ ನಾಡಿನ ಕಷ್ಟಗಳನ್ನು ತೋರಿಸುತ್ತವೆಯಲ್ಲವೇ?
– ನಿವೃತ್ತ ಶಿಕ್ಷಕ, ಕೊಪ್ಪ

ಉತ್ತರ: ಗುರುಗಳೇ, ಈ ಅನುಮಾನಕ್ಕೆ ಆಧಾರವಿದೆ. ಚಿತ್ರಕ್ಕೆ ಹಣ ಕೊಟ್ಟವರು ಯಾರು, ಅದನ್ನು ಮೊದಲು ನೋಡಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಚಿತ್ರಕ್ಕೂ ಕೇಳಲೇಬೇಕು. ಆದರೆ ಉತ್ತರ ಎಲ್ಲೆಡೆ ಒಂದೇ ಅಲ್ಲ. ಸೆನೆಗಾಲ್ 1960ರಲ್ಲಿ ಸ್ವತಂತ್ರವಾದ ಮೇಲೂ ಅಲ್ಲಿನ ಉಸ್ಮಾನ್ ಸೆಂಬೆನ್ ಅವರು ‘ಮಂದಬಿ’ (1968) ಚಿತ್ರಕ್ಕೆ ಫ್ರಾನ್ಸಿನ ಸರ್ಕಾರಿ ನೆರವು ಪಡೆಯಬೇಕಾಯಿತು. ಫ್ರೆಂಚ್ ಭಾಷೆಯಲ್ಲೊಂದು ಆವೃತ್ತಿಯನ್ನೂ ತೆಗೆದರು. ಆದರೂ ಜೊತೆಜೊತೆಗೇ ತಮ್ಮ ಜನರ ವೊಲೋಫ್ ಭಾಷೆಯಲ್ಲಿ ಅದೇ ಚಿತ್ರವನ್ನು ತೆಗೆದರು. ಹಣ ಅವರದು, ಮಾತು ಇವರದು. ಇನ್ನು ದಕ್ಷಿಣ ಕೊರಿಯಾ: 2019ರಲ್ಲಿ ಕಾನ್‌ನಲ್ಲಿಯೂ ಮರುವರ್ಷ ಆಸ್ಕರ್‌ನಲ್ಲಿಯೂ ಗೆದ್ದ ‘ಪ್ಯಾರಾಸೈಟ್’ ಚಿತ್ರವನ್ನು ಅಲ್ಲಿನ ಚಿತ್ರಮಂದಿರಗಳಲ್ಲೇ ಒಂದು ಕೋಟಿಗೂ ಹೆಚ್ಚು ಮಂದಿ ನೋಡಿದ್ದರು. 1996ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಚಿತ್ರಗಳ ಪೂರ್ವಪರಿಶೀಲನೆಯನ್ನು ರದ್ದುಪಡಿಸಿದ್ದು, ಚಿತ್ರಮಂದಿರಗಳು ವರ್ಷಕ್ಕೆ ಇಂತಿಷ್ಟು ದಿನ ದೇಶೀ ಚಿತ್ರ ತೋರಿಸಲೇಬೇಕೆಂಬ ನಿಯಮವಿದ್ದದ್ದು, ಇವೆರಡರ ಫಲ ಅದರ ಹಿಂದಿದೆ. ಆ ದಿನಗಳನ್ನು 2006ರಲ್ಲಿ 146ರಿಂದ 73ಕ್ಕೆ ಇಳಿಸಿದಾಗ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಕನ್ನಡದ ಚಿತ್ರಗಳಿಗೆ ಚಿತ್ರಮಂದಿರ ಸಿಗದೆಂದು ಕೊರಗುವ ನಾವು ಈ ಕಡೆ ಗಮನ ಕೊಡುವುದು ಒಳ್ಳೆಯದು.

ಪ್ರಶ್ನೆ: ನನ್ನ ತಾಯಿಗೆ ಅರವತ್ತೆಂಟು ವರ್ಷ. ಇಂಗ್ಲಿಷ್ ಬಾರದು, ಆದರೆ ಇಂಥ ಚಿತ್ರಗಳನ್ನು ನೋಡಲು ತುಂಬ ಆಸೆ. ಅಡಿಬರಹ ಓದಲಾಗದೆ ಸುಮ್ಮನೆ ಎದ್ದುಹೋಗುತ್ತಾರೆ.
– ಕಾಫಿ ಬೆಳೆಗಾರ್ತಿ, ಸಕಲೇಶಪುರ

ಉತ್ತರ: ಅವರು ಎದ್ದುಹೋಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಮೇಲೆ ಹೇಳಿದ ಸೆಂಬೆನ್ ಮೊದಲು ಫ್ರೆಂಚಿನಲ್ಲಿ ಕಾದಂಬರಿ ಬರೆಯುತ್ತಿದ್ದರು. ತಮ್ಮ ಜನರಲ್ಲಿ ಹೆಚ್ಚಿನವರು ಅದನ್ನು ಓದಲಾರರೆಂದೇ ನಲವತ್ತರ ಆಸುಪಾಸಿನಲ್ಲಿ ಮಾಸ್ಕೋಗೆ ಹೋಗಿ ಚಿತ್ರ ತೆಗೆಯುವುದನ್ನು ಕಲಿತುಬಂದರು. ಹೆಗ್ಗೋಡಿನ ನೀನಾಸಮ್ ಹಳ್ಳಿಯವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿ ರಸಗ್ರಹಣ ಶಿಬಿರಗಳನ್ನು ನಡೆಸಿದ್ದೂ ಇಂಗ್ಲಿಷ್ ಬಲ್ಲವರಿಗಷ್ಟೇ ಅಲ್ಲ.

ತಾಯಿಯವರಿಗೆ ಮೊದಲು ‘ಮಂದಬಿ’ಯನ್ನೇ ತೋರಿಸಿ. ಹೆಸರಿನ ಅರ್ಥ ಮನಿಯಾರ್ಡರ್. ಪ್ಯಾರಿಸ್ಸಿನಲ್ಲಿರುವ ಸೋದರಳಿಯ ಹಣ ಕಳಿಸುತ್ತಾನೆ. ಅದನ್ನು ಬಿಡಿಸಿಕೊಳ್ಳಲು ಗುರುತಿನ ಚೀಟಿ ಬೇಕು, ಚೀಟಿಗೆ ಜನನ ಪ್ರಮಾಣಪತ್ರ ಬೇಕು, ಫೋಟೊ ಬೇಕು, ಅಷ್ಟರಲ್ಲಿ ನೆಂಟರೂ ಸಾಲ ಕೊಟ್ಟವರೂ ಬಾಗಿಲಿಗೆ ಬಂದಿರುತ್ತಾರೆ. ಪಹಣಿಗೋ ಪಿಂಚಣಿಗೋ ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದರಲ್ಲಿ ವಿವರಿಸಬೇಕಾದದ್ದು ಹೆಚ್ಚೇನಿಲ್ಲ. ನೀವು ಹಿಂದಿನ ದಿನ ಒಮ್ಮೆ ನೋಡಿಕೊಂಡಿರಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮುಂದೆ ಬರುವ ಮಾತುಗಳ ಸಾರವನ್ನು ಕನ್ನಡದಲ್ಲಿ ಹೇಳಿ, ಆಮೇಲೆ ದೃಶ್ಯ ನಡೆಯುವಾಗ ಮಾತಾಡಬೇಡಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟು ನಮಗೆ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಅವಕ್ಕೆ ಉತ್ತರಿಸುತ್ತೇನೆ.